ಮೂರು ವರ್ಷ ಮಿಸ್ಟರಿ ಶಾಪಿಂಗ್ ಮಾಡಿದ್ದೀನಿ, ದೂರದ ಆಡಿಟ್ ಮಾತ್ರ ಒಪ್ಕೋಬೇಡಿ

ಮಗಳು ಸ್ಕೂಲಿಗೆ ಹೋದ್ಮೇಲೆ ಐದು ಗಂಟೆ ಟೈಮ್ ಸಿಗ್ತಿತ್ತು, ಅದಕ್ಕೆ 2022ರ ಕೊನೇಲಿ ಈ ಕೆಲಸ ಶುರು ಮಾಡ್ದೆ. ಗೊತ್ತಿಲ್ದೋರಿಗೆ ಹೇಳ್ತೀನಿ, ಅಂಗಡಿ, ಶೋರೂಮ್, ಪೆಟ್ರೋಲ್ ಬಂಕ್, ಬ್ಯಾಂಕ್ ಬ್ರಾಂಚ್‌ಗೆ ಮಾಮೂಲಿ ಗಿರಾಕಿ ಥರ ಹೋಗ್ಬೇಕು, ಅಲ್ಲಿಯವ್ರು ಹೇಗೆ ಮಾತಾಡಿಸ್ತಾರೆ, ಏನು ತೋರಿಸ್ತಾರೆ, ಬಿಲ್ ಕೊಡ್ತಾರಾ ಇಲ್ವಾ ಎಲ್ಲಾ ನೆನಪಿಟ್ಕೊಂಡು ಮನೆಗೆ ಬಂದು ರಿಪೋರ್ಟ್ ತುಂಬ್ಬೇಕು. ಇಂಥ ಒಂದೊಂದು ಭೇಟಿಗೂ ಆಡಿಟ್ ಅಂತಾರೆ. ಈ ಕೆಲಸ ಕೊಡೋ ಮೂರು ಏಜೆನ್ಸಿಗೆ ಮಾಡಿದೀನಿ, ಹೆಚ್ಚುಕಮ್ಮಿ 140 ಆಡಿಟ್ ಆಗಿರ್ಬಹುದು.

ದುಡ್ಡಿನ ವಿಷಯಾನೇ ಮೊದ್ಲು ಹೇಳ್ಬಿಡ್ತೀನಿ, ಎಲ್ರೂ ಕೇಳೋದು ಅದನ್ನೇ. ಮೊದಲ ವರ್ಷ ನಾನು ಬರೀ ಅಂಗಡಿ ಒಳಗಡೆ ಇದ್ದ ಹೊತ್ತನ್ನ ಲೆಕ್ಕ ಇಡ್ತಿದ್ದೆ, ಅದೇ ತಪ್ಪು. ಬೆಂಗಳೂರಲ್ಲೇ ವೈಟ್‌ಫೀಲ್ಡ್ ಕಡೆ ಒಂದು ಸ್ಕೂಟರ್ ಶೋರೂಮ್ ಆಡಿಟ್‌ಗೆ 350 ರೂಪಾಯಿ. ವಿಜಯನಗರದಿಂದ ಹೋಗಿ ಬರೋಕೆ ಮೂರು ಗಂಟೆ, ಒಳಗೆ 50 ನಿಮಿಷ, ರಿಪೋರ್ಟ್ ಬರೆಯೋದು, ಆಮೇಲೆ ಅವ್ರು ವಾಪಸ್ ಕಳ್ಸೋ ಪ್ರಶ್ನೆಗಳಿಗೆ ಉತ್ತರ ಕೊಡೋದು ಸೇರಿ ಇನ್ನೂ ಎರಡು ಗಂಟೆ ಮೇಲೆ. ಒಟ್ಟು ಆರು ಗಂಟೆ, ಅಂದ್ರೆ ಗಂಟೆಗೆ 60 ರೂಪಾಯಿನೂ ಬೀಳಲ್ಲ. ಇದ್ರಲ್ಲಿ ಮೆಟ್ರೋ ಚಾರ್ಜ್ ಕಳೀಬೇಕು, 2025ರ ಫೆಬ್ರವರೀಲಿ ಅತಿ ಹೆಚ್ಚಿನ ದರ 60ರಿಂದ 90 ರೂಪಾಯಿ ಆದ್ಮೇಲಂತೂ ಆ ಕಡೆ ಕೆಲ್ಸ ನನಗೆ ಗಿಟ್ತಾನೇ ಇರ್ಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿದ್ದಕ್ಕೆ ಬಿಎಂಟಿಸೀಲಿ ಬಸ್ ಖರ್ಚು ಉಳೀತು ನಿಜ, ಆದ್ರೆ ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸಿ ಸಂಜೆ ಟ್ರಾಫಿಕ್‌ನಲ್ಲಿ ನಿಂತ್ಕೊಂಡು ಬರೋ ಟೈಮ್‌ನ ಯಾರು ಕೊಡ್ತಾರೆ.

ಆ ಶೋರೂಮ್ ನಾನು ಮರೆಯೋಕಾಗಲ್ಲ, ದುಡ್ಡಿನಿಂದಾಗಿ ಅಲ್ಲ. ಒಳಗೆ ಕಾಲಿಟ್ಟ ಕ್ಷಣದಿಂದ ಯಾರಾದ್ರೂ ಬಂದು ಮಾತಾಡಿಸೋವರೆಗೆ ಎಷ್ಟು ಸೆಕೆಂಡ್ ಅಂತ ಬರೀಬೇಕು, ನಾನು ಮನಸ್ಸಲ್ಲೇ ಎಣಿಸ್ತಾ ನಿಂತಿದ್ದೆ, ಎಂಟು ಅನ್ನೋಷ್ಟರಲ್ಲಿ ಒಬ್ಬ ಹುಡುಗ ಬಂದ. "ಬರ್ರಿ ಅಕ್ಕಾರ, ಕುಂದರ್ರಿ, ನೀರ್ ಕುಡೀತೀರೇನು" ಅಂದ. ಹುಬ್ಬಳ್ಳಿ ಕಡೆ ಮಾತು. ಸೀಟ್ ಎತ್ತಿ ತನ್ನ ಹೆಲ್ಮೆಟ್‌ನೇ ಒಳಗಿಟ್ಟು ಜಾಗ ಎಷ್ಟಿದೆ ಅಂತ ತೋರಿಸ್ದ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ ಅಂತ ಕೇಳಿ, ಮಗಳನ್ನ ಸ್ಕೂಲಿಗೆ ಬಿಡೋಕೆ ಅಂದಿದ್ದಕ್ಕೆ, ಹಂಗಾದ್ರ ದೊಡ್ಡ ಮಾಡೆಲ್ ಬ್ಯಾಡ್ರಿ, ಸುಮ್ನ ರೊಕ್ಕ ದಂಡ ಅಂದ. ಫಾರ್ಮ್‌ನಲ್ಲಿ ಒಂದು ಪ್ರಶ್ನೆ ಇತ್ತು, ಹೆಚ್ಚಿನ ಬೆಲೆ ಮಾಡೆಲ್ ತಗೊಳ್ಳೋಕೆ ಪ್ರಯತ್ನ ಪಟ್ರಾ ಅಂತ. ಇಲ್ಲ ಅಂತ ಒತ್ತಬೇಕಾಯ್ತು, ಅಲ್ಲಿಗೆ ಆ ಹುಡುಗನಿಗೆ ಸೊನ್ನೆ. ಅವನ ಬ್ಯಾಡ್ಜ್ ಮೇಲಿದ್ದ ಹೆಸರೂ ಬರೀಲೇಬೇಕು. ಕೆಳಗೆ ರಿಮಾರ್ಕ್ಸ್‌ನಲ್ಲಿ ಅವನು ಎಷ್ಟು ಒಳ್ಳೆ ಸಲಹೆ ಕೊಟ್ಟ ಅಂತ ನಾಲ್ಕು ಸಾಲು ಬರೆದೆ, ಏಜೆನ್ಸಿಯವ್ರು ಅಭಿಪ್ರಾಯ ಬೇಡ, ನಡೆದಿದ್ದು ಮಾತ್ರ ಬರೀರಿ ಅಂತ ವಾಪಸ್ ಕಳ್ಸಿದ್ರು. ನನಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ ಕಣ್ರೀ, ಒಬ್ಬ ಗಿರಾಕಿಗೆ ನಿಜ ಹೇಳಿದ್ದಕ್ಕೆ ಅವನ ಇನ್ಸೆಂಟಿವ್‌ಗೆ ಕತ್ತರಿ ಬಿದ್ರೆ ಅದಕ್ಕೆ ನನ್ನ ಕೈ ಸೇರಿದೆ ಅಲ್ವಾ. ಅವತ್ತಿಂದ ಕೊಳ್ಳೋ ಉದ್ದೇಶ ಇಲ್ದೆ ಸೇಲ್ಸ್‌ನವ್ರ ಅರ್ಧ ದಿನ ತಿನ್ನೋ ಆಡಿಟ್ ಬಿಟ್ಬಿಟ್ಟೆ.

ಪೇಮೆಂಟ್ ಬರೋಕೆ 45 ದಿನ, ಕೆಲವು ಸಲ 60. ಟಿಡಿಎಸ್ ಅಂತ ತೆರಿಗೆ ಮೊದ್ಲೇ ಹಿಡ್ಕೊಂಡು ಹಾಕ್ತಾರೆ, ನಾನು ರಿಟರ್ನ್ ಫೈಲ್ ಮಾಡಿ ವಾಪಸ್ ತಗೊಂಡೆ. ಒಂದು ಹೋಟೆಲ್ ಆಡಿಟ್‌ನಲ್ಲಿ ಬಿಲ್ ಫೋಟೋದ ಮೂಲೆ ಕಟ್ ಆಗಿ ಜಿಎಸ್‌ಟಿ ನಂಬರ್ ಕಾಣ್ತಿಲ್ಲ ಅಂತ ರಿಜೆಕ್ಟ್ ಮಾಡಿದ್ರು, ಊಟದ 430 ರೂಪಾಯಿನೂ ಹೋಯ್ತು, ಫೀಸೂ ಹೋಯ್ತು. ಅದಾದ್ಮೇಲೆ ಬಿಲ್‌ನ ಟೇಬಲ್ ಮೇಲೆ ನೀಟಾಗಿ ಹರಡಿ ನಾಲ್ಕು ಮೂಲೆನೂ ಬರೋ ಹಾಗೆ ಮೂರು ಫೋಟೋ ತೆಗೀತೀನಿ.

ನಿಜವಾಗ್ಲೂ ಲಾಭ ಅನ್ಸಿದ್ದು ಪೆಟ್ರೋಲ್ ಬಂಕ್ ಆಡಿಟ್. ಹೆಂಗೂ ಸ್ಕೂಟಿಗೆ ಪೆಟ್ರೋಲ್ ಹಾಕಿಸ್ಲೇಬೇಕು, ಮೀಟರ್‌ನಲ್ಲಿ ಸೊನ್ನೆ ತೋರಿಸಿದ್ರಾ, ಗಾಳಿ ಫ್ರೀ ಇದ್ಯಾ, ಕುಡಿಯೋ ನೀರು, ಟಾಯ್ಲೆಟ್ ಸರಿ ಇದ್ಯಾ, ಅಷ್ಟು ನೋಡೋಕೆ ಹತ್ತು ನಿಮಿಷ. ಇದ್ರಿಂದ ನಾನೂ ಕಲ್ತೆ. ಅಳತೆ ಮೇಲೆ ಅನುಮಾನ ಬಂದ್ರೆ ಸೀಲ್ ಇರೋ ಐದು ಲೀಟರ್ ಮಾಪಕದಲ್ಲಿ ಹಿಡಿದು ತೋರಿಸಿ ಅಂತ, ಕಲಬೆರಕೆ ಅನ್ಸಿದ್ರೆ ಪರೀಕ್ಷೆ ಮಾಡೋಕೆ ಫಿಲ್ಟರ್ ಪೇಪರ್ ಕೊಡಿ ಅಂತ ಯಾರು ಬೇಕಾದ್ರೂ ಕೇಳ್ಬಹುದು. ನಮ್ಮ ಬೀದಿಯ ಹೆಂಗಸರಿಗೆಲ್ಲಾ ಹೇಳಿಕೊಟ್ಟಿದೀನಿ, ಅದು ನನಗೆ ಫೀಸ್‌ಗಿಂತ ಖುಷಿ ಕೊಟ್ಟ ವಿಷಯ.

ಹೊಸದಾಗಿ ಸೇರೋರು ಒಂದು ನೆನಪಿಡಿ, ರಿಜಿಸ್ಟ್ರೇಷನ್ ಫೀಸ್ ಕಟ್ಟಿ ಅಂದ್ರೆ ಅಲ್ಲೇ ಬಿಟ್ಬಿಡಿ, ಸರಿಯಾದ ಏಜೆನ್ಸಿ ನಮ್ಮ ಹತ್ರ ದುಡ್ಡು ಕೇಳಲ್ಲ. ಟೆಲಿಗ್ರಾಮ್‌ನಲ್ಲಿ ಮೊದ್ಲು ನೂರಿನ್ನೂರು ಹಾಕಿ ಆಮೇಲೆ ದೊಡ್ಡ ಟಾಸ್ಕ್‌ಗೆ ನೀವೇ ದುಡ್ಡು ಹಾಕಿ ಅನ್ನೋರು ಮೋಸಗಾರರು. ನಮ್ಮ ಎದುರುಮನೆ ಆಂಟಿ ಹಂಗೆ 18 ಸಾವಿರ ಕಳ್ಕೊಂಡ್ರು, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡೋಕೆ ಗೊತ್ತಾಗಿದ್ದು ಎರಡು ದಿನ ಆದ್ಮೇಲೆ, ಅಷ್ಟರಲ್ಲಿ ದುಡ್ಡು ಹೋಗಿತ್ತು. ತಕ್ಷಣ ಫೋನ್ ಮಾಡ್ಬೇಕು.

ಈಗ ನಾನು ಮನೆಯಿಂದ ಎರಡು ಕಿಲೋಮೀಟರ್ ಒಳಗೆ, ನನಗೆ ಹೆಂಗೂ ಬೇಕಾಗಿರೋ ಸಾಮಾನು ಇದ್ರೆ ಮಾತ್ರ ಒಪ್ಕೋತೀನಿ. ಈ ತಿಂಗಳು ಎರಡು ಬಂಕ್, ಇನ್ನೊಂದು ಚಪ್ಪಲಿ ಅಂಗಡಿ, ಮಗಳಿಗೆ ಸ್ಕೂಲ್ ಶೂ ತಗೋಬೇಕಿತ್ತು. ಒಟ್ಟಾರೆ ಈ ಕೆಲಸಕ್ಕೆ ಐದಕ್ಕೆ ಎರಡೂವರೆ ಸ್ಟಾರ್ ಕೊಡ್ತೀನಿ.