ರೇಟ್ ಪಂಪಿನವರ ಕೈಯಲ್ಲಿಲ್ಲ, ಅಳತೆ ಇದೆ: ಕಲಬುರಗಿ ರಿಂಗ್ ರೋಡಿನ ಪಂಪಿಗೆ ನಾಲ್ಕು ಸ್ಟಾರ್

ಹುಮನಾಬಾದ್ ರಸ್ತೆ ಕಡೆ ಹೋಗುವಾಗ ರಿಂಗ್ ರೋಡಿನಲ್ಲಿ ಎಡಕ್ಕೆ ಸಿಗುವ ಪೆಟ್ರೋಲ್ ಪಂಪ್ ಇದು. ಸರ್ಕಾರಿ ಕಂಪನಿಯದ್ದು. ಇದಕ್ಕೆ ಯಾರೋ ಒಂದೇ ಸ್ಟಾರ್ ಕೊಟ್ಟು, ಕ್ರೂಡ್, ಅಂದರೆ ಕಚ್ಚಾ ತೈಲದ ರೇಟ್ ಅಷ್ಟು ಬಿದ್ದರೂ ಇವರು ಒಂದು ಪೈಸೆ ಇಳಿಸಿಲ್ಲ, ಬರೀ ಲೂಟಿ ಎಂದು ಬರೆದಿದ್ದರು. ಅದನ್ನು ಓದಿಯೇ ನಾನೂ ಬರೆಯಲು ಕೂತೆ. ಆ ಸಿಟ್ಟು ನನಗೂ ಇದೆ. ಆದರೆ ಅದನ್ನು ಪಾಪ ಪೈಪ್ ಹಿಡಿದು ನಿಂತವರ ಮೇಲೆ ಹಾಕಿದರೆ ಏನು ಬಂತು?

ಮೊದಲು ಪಂಪಿನ ವಿಷಯ. ಇಲ್ಲಿ ಹಾಕುವ ಹುಡುಗರು "ಝೀರೋ ನೋಡ್ರಿ" ಎಂದು ಹೇಳಿ, ನಾವು ನೋಡುವವರೆಗೆ ಕಾಯುತ್ತಾರೆ. ಬೇರೆ ಕಡೆ ಈ ಮಾತು ಬಾಯಿಪಾಠ ಆಗಿಬಿಟ್ಟಿದೆ, ನಾವು ತಿರುಗುವಷ್ಟರಲ್ಲಿ ಮೀಟರ್ ನಲವತ್ತು ರೂಪಾಯಿ ತೋರಿಸುತ್ತಿರುತ್ತದೆ. ಗಾಳಿ ಫ್ರೀ, ಮಷಿನ್ ಕೆಲಸ ಮಾಡುತ್ತದೆ. ಕುಡಿಯುವ ನೀರಿದೆ, ಮೇ ತಿಂಗಳಲ್ಲೂ ತಣ್ಣಗಿರುತ್ತದೆ. ಕಲಬುರಗಿ ಬಿಸಿಲು ಗೊತ್ತಿದ್ದವರಿಗೆ ಇದಕ್ಕೇ ಅರ್ಧ ಸ್ಟಾರ್ ಜಾಸ್ತಿ ಕೊಡಬೇಕು ಅನ್ನಿಸುತ್ತದೆ. ಕಾರ್ಡ್, ಫೋನ್‌ಪೇ ಎರಡೂ ನಡೆಯುತ್ತವೆ. ಶೌಚಾಲಯ ಮಾತ್ರ ಸದಾ ಬೀಗ. ಕೀಲಿ ಆಫೀಸಿನಲ್ಲಿ, ಆಫೀಸಿನವರು ಊಟಕ್ಕೆ. ಒಂದು ಸ್ಟಾರ್ ಕಡಿಮೆಯಾಗಿದ್ದು ಅದಕ್ಕೇ.

ನನಗೆ ಹಿಡಿಸಿದ್ದು ಅಳತೆ. ಬೈಕ್ ಮೈಲೇಜ್ ಕಡಿಮೆ ಬರುತ್ತಿದೆ ಅನ್ನಿಸಿ, ಐದು ಲೀಟರ್ ಅಳತೆ ಡಬ್ಬ ತೋರಿಸಿ ಎಂದು ಕೇಳಿದೆ. ಇದನ್ನು ಕೇಳುವ ಹಕ್ಕು ಪ್ರತಿ ಗಿರಾಕಿಗೂ ಇದೆ, ಕೇಳುವವರು ಕಡಿಮೆ. ಕೆಲವು ಕಡೆ ಕೇಳಿದರೆ ಮುಖ ಸಿಂಡರಿಸಿ "ಸಾಹೇಬ್ರು ಇಲ್ಲ" ಅನ್ನುತ್ತಾರೆ. ಇಲ್ಲಿ ಮ್ಯಾನೇಜರ್ ತಾವೇ ಡಬ್ಬ ತಂದರು. ಮೇಲೆ ಸಣ್ಣ ಕುತ್ತಿಗೆ, ಅದರಲ್ಲಿ ಗೆರೆ, ಪಕ್ಕದಲ್ಲಿ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ. ಮೊದಲು ಡಬ್ಬದ ಒಳಗೆ ಪೆಟ್ರೋಲ್ ಹಾಕಿ ಒದ್ದೆ ಮಾಡಿ ಸುರಿದರು, ಆಮೇಲೆ ಸಮ ನೆಲದಲ್ಲಿಟ್ಟು ಮೀಟರಿನಲ್ಲಿ ಸರಿಯಾಗಿ ಐದು ಲೀಟರ್ ಹಾಕಿದರು. ನೊರೆ ಇಳಿಯುವವರೆಗೆ ಇಬ್ಬರೂ ಬಗ್ಗಿ ನೋಡುತ್ತಾ ನಿಂತೆವು. ಪೆಟ್ರೋಲ್ ಗೆರೆಗೆ ಬಂದು ಕೂತಿತು. ಐದು ಲೀಟರಿಗೆ 25 ಮಿಲಿ ಆಚೀಚೆ ಆದರೆ ನಡೆಯುತ್ತದೆ, ಅದಕ್ಕಿಂತ ಕಡಿಮೆ ಬಂದರೆ ಆ ಮಷಿನ್ ನಿಲ್ಲಿಸಲೇಬೇಕು. ಪೆಟ್ರೋಲಿನ ಸಾಂದ್ರತೆ ಬರೆದಿಡುವ ಡೆನ್ಸಿಟಿ ಬೋರ್ಡ್ ಕೂಡ ಅವತ್ತಿನದ್ದೇ ಇತ್ತು.

ಇನ್ನೊಂದು ಮಾತು. ನೂರಕ್ಕೆ ಬದಲು ನೂರಹತ್ತು ರೂಪಾಯಿಗೆ ಹಾಕಿಸಿದರೆ ಮೋಸ ಆಗಲ್ಲ, ಬೆಳಿಗ್ಗೆ ತಂಪಿನಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತದೆ ಅಂತೆಲ್ಲ ನಮ್ಮ ಕಡೆ ಹೇಳುತ್ತಾರಲ್ಲ, ಸುಮ್ನೆ. ಟ್ಯಾಂಕ್ ನೆಲದ ಅಡಿಯಲ್ಲಿರುತ್ತದೆ, ಮೇಲೆ 43 ಡಿಗ್ರಿ ಇದ್ದರೂ ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಕಳ್ಳ ಮೀಟರ್ ಆದರೆ ನೂರಹತ್ತಕ್ಕೂ ಕದಿಯುತ್ತದೆ.

ಈಗ ರೇಟ್. 2025ರಲ್ಲಿ ನಮ್ಮಲ್ಲಿ ಪೆಟ್ರೋಲ್ 103ರ ಆಸುಪಾಸು ನಿಂತುಬಿಟ್ಟಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ, ಜಗತ್ತಿನ ತೈಲ ರೇಟಿಗೆ ಅಳತೆಗೋಲಾದ ಬ್ರೆಂಟ್ ಕ್ರೂಡ್ ಬ್ಯಾರೆಲ್‌ಗೆ 60 ಡಾಲರ್‌ಗಿಂತ ಕೆಳಗೂ ಹೋಗಿ ಬಂತು, ನಾಲ್ಕು ವರ್ಷದಲ್ಲೇ ಕಡಿಮೆ. ಕಾರಣ ಎರಡು ಒಟ್ಟಿಗೆ ಬಂದವು. ಟ್ರಂಪ್ ಎಲ್ಲ ದೇಶಗಳ ಮೇಲೆ ಸುಂಕ ಹಾಕಿದ್ದರಿಂದ ವ್ಯಾಪಾರ ಕುಸಿಯುತ್ತದೆ, ತೈಲ ಕೇಳುವವರು ಕಡಿಮೆಯಾಗುತ್ತಾರೆ ಎಂಬ ಭಯ ಒಂದು. ಅದೇ ವಾರ ತೈಲ ತೆಗೆದು ಮಾರುವ ಒಪೆಕ್ ಪ್ಲಸ್ ಕೂಟದ ದೇಶಗಳು ಜಾಸ್ತಿ ತೈಲ ತೆಗೆಯುತ್ತೇವೆ ಎಂದು ಹೇಳಿದ್ದು ಇನ್ನೊಂದು. ಕೊಳ್ಳುವವರು ಕಡಿಮೆ, ಮಾಲು ಜಾಸ್ತಿ. ನಮ್ಮ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಆವಕ ಏರಿದಾಗ ಆಗುವುದೂ ಇದೇ, ಅಲ್ವಾ? ಆದರೆ ತೊಗರಿ ರೇಟ್ ಬಿದ್ದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಪೆಟ್ರೋಲಿನ ಇಳಿಕೆ ಮಾತ್ರ ದಾರಿಯಲ್ಲೇ ಖರ್ಚಾಗಿಬಿಡುತ್ತದೆ.

ಹೇಗೆ ಅಂತೀರಾ? ಏಪ್ರಿಲ್ 1ಕ್ಕೆ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿತು, ಲೀಟರಿಗೆ ಸುಮಾರು 2 ರೂಪಾಯಿ ಜಾಸ್ತಿಯಾಯಿತು. ಏಪ್ರಿಲ್ 8ಕ್ಕೆ ಕೇಂದ್ರ ಪೆಟ್ರೋಲ್, ಡೀಸೆಲ್ ಎರಡಕ್ಕೂ 2 ರೂಪಾಯಿ ಅಬಕಾರಿ ಸುಂಕ ಹೆಚ್ಚಿಸಿತು. ಈ ಸಲ ಪಂಪಿನ ರೇಟ್ ಏರಲಿಲ್ಲ, ಯಾಕೆಂದರೆ ಇಳಿಯಬೇಕಿದ್ದ ದುಡ್ಡನ್ನೇ ತೆಗೆದುಕೊಂಡರು. ಹಳೇ ಆಟ ಇದು. 2014ರ ಮಧ್ಯದಲ್ಲಿ 110 ಡಾಲರ್ ದಾಟಿದ್ದ ಕ್ರೂಡ್ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಂದಾಗ, ಅಷ್ಟರೊಳಗೆ ಒಂಬತ್ತು ಸಲ ಸುಂಕ ಏರಿಸಿದ್ದರು. 2020ರಲ್ಲಿ ಲಾಕ್‌ಡೌನ್ ಆಗಿ, ಏಪ್ರಿಲ್ 20ಕ್ಕೆ ಅಮೆರಿಕದಲ್ಲಿ ಕ್ರೂಡ್ ರೇಟ್ ಸೊನ್ನೆಗಿಂತ ಕೆಳಗೆ ಹೋಗಿದ್ದು ನೆನಪಿದೆಯಾ? ನಾವೆಲ್ಲ ಫಾರ್ವರ್ಡ್ ಮಾಡಿ ನಕ್ಕಿದ್ದೇ ನಕ್ಕಿದ್ದು. ಇಲ್ಲಿ ಮಾರ್ಚ್‌ನಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಸುಂಕ ಏರಿತು.

ಲೆಕ್ಕ ನೋಡಿ. ಒಂದು ಬ್ಯಾರೆಲ್ ಅಂದರೆ 159 ಲೀಟರ್. 65 ಡಾಲರ್‌ಗೆ, ಡಾಲರ್ 85 ರೂಪಾಯಿ ಹಿಡಿದರೆ ಕ್ರೂಡ್ ಲೀಟರಿಗೆ 35 ರೂಪಾಯಿ. 2014ರ ಜೂನ್‌ನಲ್ಲಿ ಕ್ರೂಡ್ 110 ಡಾಲರ್ ಆಸುಪಾಸು, ಡಾಲರ್ 60 ರೂಪಾಯಿ ಇದ್ದಾಗ ಅದೇ ಲೆಕ್ಕ 41 ಬರುತ್ತದೆ, ಆಗ ದೆಹಲಿಯಲ್ಲಿ ಪೆಟ್ರೋಲ್ 71 ಚಿಲ್ಲರೆ, 2025ರಲ್ಲಿ ಅಲ್ಲೇ 95ರ ಹತ್ತಿರ. ರೂಪಾಯಿ ಬಿದ್ದದ್ದೂ ಇದರಲ್ಲಿ ಸೇರಿದೆ, ಅದನ್ನು ಮರೆತು ಬರೀ ಡಾಲರ್ ರೇಟ್ ಹಿಡಿದು ಕೂಗುವವರ ಮಾತು ಅರ್ಧ ಮಾತ್ರ ನಿಜ. ಆಗ ನಮ್ಮ 103ರಲ್ಲಿ ಕೇಂದ್ರಕ್ಕೆ ಹೆಚ್ಚೂಕಡಿಮೆ 22, ರಾಜ್ಯಕ್ಕೆ 20ಕ್ಕೂ ಜಾಸ್ತಿ ಹೋಗುತ್ತಿತ್ತು. 2024ರ ಜೂನ್‌ನಲ್ಲಿ ರಾಜ್ಯದ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿ ಪೆಟ್ರೋಲ್ 3 ರೂಪಾಯಿ ದುಬಾರಿ ಆಗಿದ್ದು ಇನ್ನೂ ಹಸಿ ನೆನಪು. ಕೇಂದ್ರವನ್ನು ಬೈಯುವವರೂ ರಾಜ್ಯವನ್ನು ಬೈಯುವವರೂ ಇಬ್ಬರೂ ಸರಿಯೇ. ಇನ್ನು ತೈಲ ಕಂಪನಿಗಳು ಹಿಂದಿನ ನಷ್ಟ, ಅಡುಗೆ ಗ್ಯಾಸ್ ಸಿಲಿಂಡರ್ ನಷ್ಟ ಎಂದು ಹೇಳುತ್ತವೆ. 2022ರಲ್ಲಿ ಉಕ್ರೇನ್ ಯುದ್ಧದ ಹೊತ್ತಿಗೆ ನಷ್ಟ ಆಗಿದ್ದು ಖರೇ. ಆದರೆ 2023-24ರಲ್ಲಿ ಮೂರೂ ಸರ್ಕಾರಿ ಕಂಪನಿ ಸೇರಿ ಸುಮಾರು 81 ಸಾವಿರ ಕೋಟಿ ಲಾಭ ಮಾಡಿದವು. 2024ರ ಮಾರ್ಚ್‌ನಲ್ಲಿ, ಲೋಕಸಭೆ ಚುನಾವಣೆಗೆ ಮುಂಚೆ, ನಮಗೆ ಸಿಕ್ಕಿದ್ದು 2 ರೂಪಾಯಿ.

ಡೀಲರ್‌ಗೆ ಸಿಗುವುದು ಲೀಟರಿಗೆ ನಾಲ್ಕು ರೂಪಾಯಿ ಚಿಲ್ಲರೆ ಕಮಿಷನ್, ಅಷ್ಟೇ. ಈ ಮಾತು ತೆಗೆದಾಗ ಮ್ಯಾನೇಜರ್ ನಕ್ಕು, "ರೇಟ್ ಇಳೀತದ ಅಂದ್ರ ನಮಗ ಹೆದರಿಕಿ ಬರ್ತದ್ರಿ ಅಣ್ಣಾರ, ಟ್ಯಾಂಕಿನಾಗ ಹಳೇ ರೇಟಿನ ಮಾಲ್ ಇರ್ತದ" ಎಂದರು. 2021ರ ದೀಪಾವಳಿ ಹಿಂದಿನ ರಾತ್ರಿ ಕೇಂದ್ರ ಪೆಟ್ರೋಲಿಗೆ 5, ಡೀಸೆಲಿಗೆ 10 ರೂಪಾಯಿ ಇಳಿಸಿತ್ತಲ್ಲ, ಟ್ಯಾಂಕಿನಲ್ಲಿ ಹತ್ತು ಸಾವಿರ ಲೀಟರ್ ಡೀಸೆಲ್ ಇಟ್ಟುಕೊಂಡಿದ್ದವನಿಗೆ ಬೆಳಗಾಗುವುದರೊಳಗೆ ಒಂದು ಲಕ್ಷ ಹೋಯಿತು. ಅದಕ್ಕೇ ಇಳಿಯುತ್ತದೆ ಎಂಬ ಸುದ್ದಿ ಹಬ್ಬಿದರೆ ಸಾಕು, ಕೆಲವು ಪಂಪಿನವರು ಲೋಡ್ ತರಿಸುವುದನ್ನೇ ನಿಲ್ಲಿಸಿ "ನೋ ಸ್ಟಾಕ್" ಹಲಗೆ ಹಾಕುತ್ತಾರೆ. ಗಿರಾಕಿಗೆ ತ್ರಾಸ ಹೌದು, ಆದರೂ ಅವರ ಕಷ್ಟ ಅರ್ಥವಾಗುತ್ತದೆ.

ಊರೊಳಗೆ ಪಂಪಿನಿಂದ ಪಂಪಿಗೆ ಪೈಸೆಗಳ ವ್ಯತ್ಯಾಸ, ಅದಕ್ಕಾಗಿ ಸುತ್ತಾಡಿದರೆ ಉಳಿದ ಪೈಸೆಗಿಂತ ಜಾಸ್ತಿ ಪೆಟ್ರೋಲ್ ಸುಡುತ್ತದೆ. ಗಡಿ ದಾಟುವವರ ಲೆಕ್ಕ ಬೇರೆ. ಹೈದರಾಬಾದ್‌ನಲ್ಲಿ 2025ರಲ್ಲಿ ಪೆಟ್ರೋಲ್ 107 ದಾಟಿತ್ತು, ಹಾಗಾಗಿ ಜಹೀರಾಬಾದ್ ಕಡೆ ಹೊರಟವರು ಹುಮನಾಬಾದಿನಲ್ಲೋ ಬೀದರಿನಲ್ಲೋ ಫುಲ್ ಮಾಡಿಸಿಕೊಂಡೇ ಹೋಗಿ.

ಈ ಪಂಪಿಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಎಂಟೂವರೆ ಆದ ಮೇಲೆ ಆಟೋ, ಶಾಲೆ ವ್ಯಾನ್ ಸಾಲು ರಸ್ತೆವರೆಗೆ ಬರುತ್ತದೆ. ಶೌಚಾಲಯದ ಬೀಗ ತೆಗೆದ ದಿನ ಯಾರಾದರೂ ತಿಳಿಸಿ, ಆ ಒಂದು ಸ್ಟಾರ್ ಕೊಟ್ಟುಬಿಡುತ್ತೇನೆ.