ನೈನ್ ಇಂಚ್ ನೈಲ್ಸ್ ಮೊದಲೋ, ಗಾಡ್‌ಫ್ಲೆಶ್ ಮೊದಲೋ?

ಇಂಡಸ್ಟ್ರಿಯಲ್ ರಾಕ್ (ಯಂತ್ರಗಳಂಥ ಕರ್ಕಶ ಸದ್ದು, ಎಲೆಕ್ಟ್ರಾನಿಕ್ ತಾಳ ಬೆರೆತ ರಾಕ್ ಸಂಗೀತ) ಕೇಳಲು ಹೊರಟವರಿಗೆ 1989ರ ಎರಡು ಚೊಚ್ಚಲ ಆಲ್ಬಮ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತೇನೆ: ಅಮೆರಿಕದ ಬ್ಯಾಂಡ್ ನೈನ್ ಇಂಚ್ ನೈಲ್ಸ್‌ನ ‘ಪ್ರೆಟಿ ಹೇಟ್ ಮಷೀನ್’ ಅಥವಾ ಇಂಗ್ಲೆಂಡಿನ ಬ್ಯಾಂಡ್ ಗಾಡ್‌ಫ್ಲೆಶ್‌ನ ‘ಸ್ಟ್ರೀಟ್‌ಕ್ಲೀನರ್’.

ಮೊದಲನೆಯದು ಬಹುಮಟ್ಟಿಗೆ ಒಬ್ಬರದೇ ಕೈಕೆಲಸ. ನೈನ್ ಇಂಚ್ ನೈಲ್ಸ್ ಕಟ್ಟಿದ ಟ್ರೆಂಟ್ ರೆಜ್ನರ್ ಕ್ಲೀವ್‌ಲ್ಯಾಂಡ್‌ನ ಸ್ಟುಡಿಯೊ ಒಂದರಲ್ಲಿ ಕಸ ಗುಡಿಸುವುದೂ ಸೇರಿದಂತೆ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದರು. ಅದು ಖಾಲಿಯಿದ್ದ ಹೊತ್ತಿನಲ್ಲಿ ಡೆಮೊಗಳನ್ನು (ಹಾಡುಗಳ ಕರಡು ರೂಪಗಳನ್ನು) ತಾವೇ ಧ್ವನಿಮುದ್ರಿಸಿಕೊಂಡರು. ಅಂತಿಮ ರೂಪಕ್ಕೆ ಫ್ಲಡ್, ಜಾನ್ ಫ್ರೈಯರ್ ಮೊದಲಾದ ಪಳಗಿದ ನಿರ್ಮಾಪಕರು ಕೈಜೋಡಿಸಿದರು. ಹಾಗಾಗಿ ಸಿಂಥಸೈಜರ್‌ಗಳ ಗದ್ದಲದ ನಡುವೆಯೂ ರಾಗ ಉಳಿದಿದೆ, ಮಾತು ಸ್ಪಷ್ಟವಾಗಿ ಕೇಳುತ್ತದೆ. ‘ಸಮ್‌ಥಿಂಗ್ ಐ ಕ್ಯಾನ್ ನೆವರ್ ಹ್ಯಾವ್’ ಹಾಡಿನಲ್ಲಂತೂ ಪಿಯಾನೊದ ಬೆರಳೆಣಿಕೆಯ ಸ್ವರಗಳೇ ಎದೆ ಹಿಂಡುತ್ತವೆ.

ಬರ್ಮಿಂಗ್‌ಹ್ಯಾಮ್‌ನ ಗಾಡ್‌ಫ್ಲೆಶ್‌ನಲ್ಲಿ ಇಂಥ ಮೆದುಭಾಗವನ್ನು ಹುಡುಕಬೇಡಿ. ಜಸ್ಟಿನ್ ಬ್ರಾಡ್ರಿಕ್ ಅವರ ಕರ್ಕಶ ಗಿಟಾರ್, ಜಿ. ಸಿ. ಗ್ರೀನ್ ಅವರ ಒರಟು ಬಾಸ್. ಡ್ರಮ್ಮರ್ ಇಲ್ಲ, ಡ್ರಮ್ ಯಂತ್ರವೇ ಎಲ್ಲ. ಮನುಷ್ಯ ಬಾರಿಸಿದ್ದರೆ ಎಲ್ಲೋ ಒಂದು ಕಡೆ ಏಟು ಸಡಿಲವಾಗುತ್ತಿತ್ತು. ಇಲ್ಲಿ ಸಡಿಲವಾಗುವುದಿಲ್ಲ, ದಣಿಯುವುದೂ ಇಲ್ಲ. ಆ ನಿರ್ದಯತೆಯೇ ಈ ಆಲ್ಬಮ್‌ನ ಜೀವಾಳ.

ಹಾಡು, ಸಾಹಿತ್ಯ ಮುಖ್ಯ ಎನ್ನುವವರು ರೆಜ್ನರ್ ಅವರಿಂದಲೇ ಶುರುಮಾಡಿ. ನನ್ನ ಆಯ್ಕೆ ಮಾತ್ರ ‘ಸ್ಟ್ರೀಟ್‌ಕ್ಲೀನರ್’. ಶಬ್ದದ ಭಾರವನ್ನೇ ಇಷ್ಟು ಪ್ರಾಮಾಣಿಕವಾಗಿ ನೆಚ್ಚಿಕೊಂಡ ಆಲ್ಬಮ್‌ಗಳು ವಿರಳ. ಮೊಬೈಲ್ ಸ್ಪೀಕರ್‌ನಲ್ಲಿ ಅದನ್ನು ಕೇಳಿ ತೀರ್ಪು ಕೊಡಬೇಡಿ, ಬಾಸ್ ಪೂರ್ತಿ ಸತ್ತುಹೋಗುತ್ತದೆ. ಒಳ್ಳೆಯ ಹೆಡ್‌ಫೋನ್ ಬೇಕೇ ಬೇಕು.