ಉಬುಂಟುವಿನಲ್ಲಿ ಎನ್‌ವಿಡಿಯಾ ಡ್ರೈವರ್: ಡಿಕೆಎಂಎಸ್‌ಗಿಂತ ಸಿದ್ಧ ಮಾಡ್ಯೂಲ್ ಮೇಲು

ಅಪ್‌ಡೇಟ್ ಮುಗಿಸಿ ರೀಬೂಟ್ ಮಾಡಿದಾಗ ಪರದೆ ಕಪ್ಪಾಗಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಒಂದನ್ನೇ: ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಬಂದಿದೆ, ಅದಕ್ಕೆ ಹೊಂದುವ ಎನ್‌ವಿಡಿಯಾ ಮಾಡ್ಯೂಲ್ (ಕರ್ನಲ್‌ಗೆ ಸೇರಿಕೊಂಡು ಗ್ರಾಫಿಕ್ಸ್ ಕಾರ್ಡ್ ನಡೆಸುವ ಡ್ರೈವರ್ ಭಾಗ) ಬಂದಿಲ್ಲ. ಉಬುಂಟು 24.04ರಲ್ಲಿ ಈ ಮಾಡ್ಯೂಲ್ ಮೂರು ದಾರಿಯಲ್ಲಿ ಸಿಗುತ್ತದೆ. ಮೂರರ ಯೋಗ್ಯತೆಯೂ ಒಂದೇ ಅಲ್ಲ.

ನಮ್ಮ ಮೊದಲ ಆಯ್ಕೆ, ಉಬುಂಟು ಹೊರತರುವ ಕೆನಾನಿಕಲ್ ಕಂಪನಿ ತಾನೇ ಕಂಪೈಲ್ ಮಾಡಿ ಸಹಿ ಹಾಕಿ ಕೊಡುವ ಸಿದ್ಧ ಮಾಡ್ಯೂಲ್. ಟರ್ಮಿನಲ್‌ನಲ್ಲಿ 'ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್' ಎಂದು ಕೊಟ್ಟರೆ ಸಾಮಾನ್ಯವಾಗಿ ಇದೇ ಬರುತ್ತದೆ. ನಿಮ್ಮ ಯಂತ್ರದಲ್ಲಿ ಏನನ್ನೂ ಕಂಪೈಲ್ ಮಾಡಬೇಕಿಲ್ಲ, ಸಹಿ ಇಲ್ಲದ ಮಾಡ್ಯೂಲನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೂ ತಕರಾರಿಲ್ಲ. ಎಡವುವುದು ಒಂದು ಕಡೆ: ಕರ್ನಲ್ ಎಚ್‌ಡಬ್ಲ್ಯುಇ ಸಾಲಿನದು (ಹೊಸ ಯಂತ್ರಾಂಶಕ್ಕಾಗಿ ಬರುವ ಹೊಸ ಕರ್ನಲ್‌ಗಳು), ಮಾಡ್ಯೂಲ್ ಪ್ಯಾಕೇಜ್ ಬರೀ ಜೆನೆರಿಕ್ ಸಾಲಿನದು (ಬಿಡುಗಡೆಯ ಮೂಲ ಕರ್ನಲ್) ಆಗಿದ್ದರೆ ಎರಡೂ ಜೊತೆಯಾಗಿ ಮುಂದೆ ಹೋಗುವುದಿಲ್ಲ. ಎರಡರ ಹೆಸರಿನ ಬಾಲವೂ ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಉಬುಂಟುವಿನ ಮಾರ್ಪಾಡಿಲ್ಲದ ಮೇನ್‌ಲೈನ್ ಕರ್ನಲ್ ಹಾಕಿಕೊಂಡವರಿಗೆ ಈ ಸೌಲಭ್ಯವೇ ಇಲ್ಲ.

ಅಂಥವರಿಗೆ ಉಳಿಯುವುದು ಡಿಕೆಎಂಎಸ್. ಡೆಲ್ ಕಂಪನಿ 2003ರಲ್ಲಿ ರೂಪಿಸಿದ ಈ ವ್ಯವಸ್ಥೆ, ಪ್ರತಿ ಹೊಸ ಕರ್ನಲ್‌ಗೂ ಮಾಡ್ಯೂಲನ್ನು ನಿಮ್ಮಲ್ಲೇ ಕಟ್ಟುತ್ತದೆ. ಕೆಲಸ ಅಚ್ಚುಕಟ್ಟು, ಆದರೆ ಬೇಡಿಕೆಗಳು ಹೆಚ್ಚು. ಕರ್ನಲ್ ಹೆಡರ್ (ಮಾಡ್ಯೂಲ್ ಕಟ್ಟಲು ಬೇಕಾದ ಕರ್ನಲ್ ಕಡತಗಳು) ಇಲ್ಲದಿದ್ದರೆ ಕಟ್ಟುವುದೇ ಇಲ್ಲ. ಒಂದು ಆವೃತ್ತಿಯ ಹೆಡರ್ ಹಾಕಿ ಸುಮ್ಮನಾಗದೆ, ಕರ್ನಲ್ ಜೊತೆಗೇ ಏರುವ ಮೆಟಾ ಪ್ಯಾಕೇಜನ್ನೇ ಹಾಕಿ. ಕಂಪೈಲರ್ ಆವೃತ್ತಿಯೂ ಕೈ ಕೊಡಬಹುದು: ಉಬುಂಟು 22.04ರ 6.5 ಕರ್ನಲ್ ಜಿಸಿಸಿ ಕಂಪೈಲರ್‌ನ 12ನೇ ಆವೃತ್ತಿಯಲ್ಲಿ ಕಟ್ಟಿದ್ದು, ಡೀಫಾಲ್ಟ್ ಕಂಪೈಲರ್ ಮಾತ್ರ 11. ಜಿಸಿಸಿ 12 ಹಾಕಿದರೆ ಪರಿಹಾರ. ಸೆಕ್ಯೂರ್ ಬೂಟ್ ಇದ್ದಲ್ಲಿ, ಮರುಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' (ನಿಮ್ಮ ಯಂತ್ರದ ಸಹಿ ಕೀಲಿಯನ್ನು ನೋಂದಾಯಿಸುವುದು) ಆರಿಸಿ, ಇನ್‌ಸ್ಟಾಲ್ ವೇಳೆ ಇಟ್ಟ ಪಾಸ್‌ವರ್ಡ್ ಕೊಡಬೇಕು. ಕೆಲವೇ ಸೆಕೆಂಡ್ ನಿಲ್ಲುವ ಆ ಪರದೆ ತಪ್ಪಿಹೋದರೆ ಮಾಡ್ಯೂಲ್ ಲೋಡ್ ಆಗದು. ರೀಬೂಟ್‌ಗೆ ಮುಂಚೆ 'ಡಿಕೆಎಂಎಸ್ ಸ್ಟೇಟಸ್' ಕೊಟ್ಟು, ಹೊಸ ಕರ್ನಲ್ ಮುಂದೆ 'ಇನ್‌ಸ್ಟಾಲ್ಡ್' ಎಂದಿದೆಯೇ ನೋಡುವುದು ಕಡ್ಡಾಯ.

ಮೂರನೆಯ ದಾರಿ, ಎನ್‌ವಿಡಿಯಾ ತಾಣದಿಂದ ಇಳಿಸಿಕೊಳ್ಳುವ ರನ್ ಫೈಲ್ ಎಂಬ ಇನ್‌ಸ್ಟಾಲರ್, ಬೇಡವೇ ಬೇಡ. ಉಬುಂಟುವಿನ ಪ್ಯಾಕೇಜ್ ವ್ಯವಸ್ಥೆ ಆಪ್ಟ್ ಇಟ್ಟ ಲೈಬ್ರರಿಗಳ ಮೇಲೆಯೇ ಅದು ಬರೆಯುತ್ತದೆ; ಮುಂದಿನ ಅಪ್‌ಡೇಟ್‌ನಲ್ಲಿ ಯಾವುದು ಯಾರದ್ದೆಂದೇ ತಿಳಿಯದು.

ಕಾರ್ಡ್‌ನ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ಆದೇಶ 'ವರ್ಷನ್ ಮಿಸ್‌ಮ್ಯಾಚ್' ಎಂದರೆ ಗಾಬರಿ ಬೇಡ. ಲೈಬ್ರರಿ ಹೊಸದಾಗಿದೆ, ಮೆಮೊರಿಯಲ್ಲಿ ಹಳೆಯ ಮಾಡ್ಯೂಲ್ ಕೂತಿದೆ, ಅಷ್ಟೆ, ರೀಬೂಟ್ ಸಾಕು. ದಿನಗಟ್ಟಲೆ ಲೆಕ್ಕ ಓಡುವ ಸರ್ವರ್‌ನಲ್ಲಾದರೆ ಕರ್ನಲ್, ಡ್ರೈವರ್ ಎರಡನ್ನೂ ತಾನಾಗಿ ನಡೆಯುವ ಅಪ್‌ಡೇಟ್‌ನಿಂದ ಹೊರಗಿಡಿ. ಒಂದನ್ನೇ ತಡೆದರೆ ಪೇಚಾಟ ಹೆಚ್ಚು.

ಪರದೆ ಕಪ್ಪಾಗಿಯೇ ಬಿಟ್ಟರೆ ಬೂಟ್ ಮೆನು ಗ್ರಬ್‌ನ 'ಅಡ್ವಾನ್ಸ್ಡ್ ಆಪ್ಷನ್ಸ್'ನಿಂದ ಹಳೆಯ ಕರ್ನಲ್‌ಗೆ ಹೋಗಿ ಸರಿಪಡಿಸಿ. ಹೊಸದು ನೆಟ್ಟಗೆ ಓಡುವವರೆಗೂ ಹಳೆಯ ಕರ್ನಲ್‌ಗಳನ್ನು ತೆಗೆದುಹಾಕಬಲ್ಲ 'ಆಟೋರಿಮೂವ್' ಮುಟ್ಟಬೇಡಿ.

ಜಿಟಿಎಕ್ಸ್ 10 ಸರಣಿಯ ಕಾರ್ಡ್ ಇದ್ದವರು ಡ್ರೈವರ್‌ನ 580 ಶಾಖೆಯಲ್ಲೇ ನಿಲ್ಲಬೇಕು, ಆ ಕಾರ್ಡ್‌ಗಳ ಪಾಸ್ಕಲ್ ವಿನ್ಯಾಸಕ್ಕೆ ಅದೇ ಕೊನೆಯದು. ಆರ್‌ಟಿಎಕ್ಸ್ 50 ಸರಣಿಗೆ ಹೆಸರಿನಲ್ಲಿ 'ಓಪನ್' ಇರುವ ಪ್ಯಾಕೇಜ್ ಮಾತ್ರ ಆಗುತ್ತದೆ.